ಬಲಿಪಾಡ್ಯದ ಬಸ್ಸು

ನಮ್ಮೂರಿನಲ್ಲಿ ಉಣ್ಣದೇ ಇದ್ದವರು ‘ಊಟ ಆಯ್ತು’ ಎಂದರೆ ಬಿಕ್ಕಳಿಕೆ ಬರುತ್ತದೆ. ಸಣ್ಣಪುಟ್ಟ ಬಿಕ್ಕಳಿಕೆಯಲ್ಲ. ಮೂರು ಮನೆಯಾಚೆಗೆ ಕೇಳಿಸುವಂಥದ್ದು, ಹೆಗಲು ಕುಣಿಸುವಂಥದ್ದು. ನೀರು ಕುಡಿದರೂ ನಿಲ್ಲದು, ಉಸಿರು ಬಿಗಿಹಿಡಿದರೂ ನಿಲ್ಲದು, ಸಕ್ಕರೆ ಚೀಪಿದರೂ ನಿಲ್ಲದು. ಊಟ ಮಾಡಿದರೆ ಮಾತ್ರ ನಿಲ್ಲುತ್ತದೆ. ಬೇರೆ ಊರುಗಳಲ್ಲಿ ಬಿಕ್ಕಳಿಕೆ ಬಂದರೆ ಯಾರೋ ನೆನೆಸಿಕೊಂಡರು ಎನ್ನುತ್ತಾರಂತೆ. ನಮ್ಮಲ್ಲಿ ಯಾರೋ ಮರೆತಿದ್ದಾರೆ ಎಂದು ಅರ್ಥ.

ಊಟ ಎಂದರೆ ಯಾವುದು ಎಂಬ ವಿಷಯದಲ್ಲಿ ಬೇಕಾದಷ್ಟು ಜಗಳಗಳಾಗಿ ಹೋಗಿವೆ. ಕಾಫಿ ಊಟವಲ್ಲ. ಮಂಡಕ್ಕಿ ಎಷ್ಟು ತಿಂದರೂ ಊಟವಲ್ಲ. ಅವಲಕ್ಕಿಗೆ ಮೊಸರು ಹಾಕಿದ್ದರೆ ಊಟ, ಇಲ್ಲದಿದ್ದರೆ ಅಲ್ಲ. ಉಪ್ಪಿಟ್ಟಿನ ಬಗ್ಗೆ ಹಿರಿಯರಲ್ಲೇ ಎರಡು ಪಂಗಡಗಳಿದ್ದವು. ಬೆಳಿಗ್ಗೆ ತಿಂದರೆ ತಿಂಡಿ, ಮಧ್ಯಾಹ್ನ ತಿಂದರೆ ಊಟ ಎಂದು ಕೊನೆಗೆ ಬಿಕ್ಕಳಿಕೆಯೇ ತೀರ್ಮಾನ ಕೊಟ್ಟಿತು. ಊರ ಗಡಿಕಲ್ಲಿನ ಆಚೆಗೆ ಇದು ಯಾವುದೂ ನಡೆಯುವುದಿಲ್ಲ. ಅಲ್ಲಿ ಯಾರು ಬೇಕಾದರೂ ಖಾಲಿ ಹೊಟ್ಟೆಯಲ್ಲಿ ‘ಆಯ್ತು’ ಎಂದು ಹೇಳಿ ನೆಮ್ಮದಿಯಾಗಿರಬಹುದು. ಒಳಗೆ ಬಂದರೆ ಮಾತ್ರ ಆಡಿದ ಸುಳ್ಳು ಬೆನ್ನಿಗೇ ಬರುತ್ತದೆ. ನಮ್ಮ ಬೀದಿಯ ಹೊಸ ಅಳಿಯನೊಬ್ಬ ಎದುರುಗೊಳ್ಳಲು ಗಡಿಕಲ್ಲಿನ ಆಚೆಗೆ ಹೋಗಿದ್ದ ಮಾವನ ಹತ್ತಿರ ‘ದಾರಿಯಲ್ಲೇ ಊಟ ಆಯ್ತು’ ಎಂದು ಬಿಂಕ ಮಾಡಿ, ಕಲ್ಲು ದಾಟಿದ ಕೂಡಲೇ ಬಿಕ್ಕಲು ಶುರುಮಾಡಿ, ಅತ್ತೆಯ ಅನ್ನ ಬೇಯುವವರೆಗೂ ಜಗುಲಿಯ ಮೇಲೆ ಕುಣಿಯುತ್ತಿದ್ದ.

ಇನ್ನೊಂದು ಕಟ್ಟಳೆ ನಾವೇ ಮಾಡಿಕೊಂಡದ್ದು. ಕೇಳಿ ಬಿಕ್ಕಳಿಕೆ ತರಿಸಿದವರೇ ಉಣಿಸಿ ನಿಲ್ಲಿಸಬೇಕು. ಹೀಗಾಗಿ ನಮ್ಮಲ್ಲಿ ‘ಊಟ ಆಯ್ತಾ’ ಎಂದು ಕೇಳುವುದು ಹುಡುಗಾಟದ ಮಾತಲ್ಲ. ಮನೆಯಲ್ಲಿ ಇನ್ನೊಬ್ಬರಿಗಾಗುವಷ್ಟು ಅನ್ನ ಸಾರು ಇದೆಯೇ ಎಂದು ಅಂದಾಜು ಮಾಡಿಕೊಂಡೇ ಬಾಯಿ ತೆರೆಯುತ್ತೇವೆ. ಇಲ್ಲವೆಂದಾದರೆ ‘ಮೋಡ ಆಗಿದೆ ಅಲ್ವಾ’ ಎಂದು ಕೇಳಿ ಮುಂದಕ್ಕೆ ಹೋಗುತ್ತೇವೆ. ಬಿರುಬೇಸಿಗೆಯಲ್ಲೂ ನಮ್ಮೂರಲ್ಲಿ ಮೋಡದ ಮಾತು ಜಾಸ್ತಿ.

ನಾನು ಈ ಊರಿನ ಹಿಡಿಯಕ್ಕಿ ಭಂಡಾರದ ಗುಮಾಸ್ತ, ಬೋರಲಿಂಗಯ್ಯ. ಪ್ರತಿ ಮನೆಯಲ್ಲೂ ಅನ್ನಕ್ಕಿಡುವ ಮುಂಚೆ ಒಂದು ಹಿಡಿ ಅಕ್ಕಿಯನ್ನು ಪಕ್ಕದ ಗಡಿಗೆಗೆ ಹಾಕುತ್ತಾರೆ. ವಾರಕ್ಕೊಮ್ಮೆ ಆ ಗಡಿಗೆಗಳು ಭಂಡಾರಕ್ಕೆ ಬರುತ್ತವೆ, ಮನೆಯಲ್ಲಿ ಇಲ್ಲದವರು ಬಂದು ಒಯ್ಯುತ್ತಾರೆ. ನನ್ನ ಕೆಲಸ ಅಳೆದು ತುಂಬಿಸಿಕೊಳ್ಳುವುದು, ಅಳೆದು ಕೊಡುವುದು, ಬೀಗ ಹಾಕುವುದು. ‘ಊಟ ಆಯ್ತಾ’ ಎಂದು ಯಾರನ್ನೂ ಕೇಳಬಾರದೆಂಬುದು ಭಂಡಾರದ ಗುಮಾಸ್ತನಿಗೆ ಮೊದಲ ದಿನವೇ ಹೇಳಿಕೊಡುವ ಪಾಠ. ಕೇಳಿದರೆ ಸಂಜೆಯೊಳಗೆ ಊರರ್ಧ ನಮ್ಮ ಮನೆಯ ಪಂಕ್ತಿಯಲ್ಲಿರುತ್ತದೆ.

ಎಲ್ಲರನ್ನೂ ಒಟ್ಟಿಗೆ ಕೇಳುವುದು ವರ್ಷಕ್ಕೆ ಒಂದೇ ಸಲ. ದೀಪಾವಳಿಯ ಕೊನೆಯ ದಿನ, ಬಲಿಪಾಡ್ಯದ ಸಂಜೆ, ಪುರಸಭೆಯ ಅಧ್ಯಕ್ಷರು ಚೌಕದಲ್ಲಿ ಮೈಕು ಹಿಡಿದು ‘ಊರಿನವರೇ, ಊಟ ಆಯ್ತಾ’ ಎಂದು ಕೇಳುತ್ತಾರೆ. ಊರಿಗೆ ಊರೇ ‘ಆಯ್ತು’ ಎನ್ನುತ್ತದೆ. ಆಮೇಲೆ ಎಲ್ಲರೂ ಉಸಿರು ಬಿಗಿಹಿಡಿದು ಕೇಳಿಸಿಕೊಳ್ಳುತ್ತೇವೆ. ಒಂದು ಬಿಕ್ಕಳಿಕೆಯೂ ಇಲ್ಲವೆಂದು ಖಾತ್ರಿಯಾದ ಮೇಲೆ ಅಧ್ಯಕ್ಷರು ಕೈ ಎತ್ತುತ್ತಾರೆ, ಪಟಾಕಿ ಸರ ಹಚ್ಚುತ್ತಾರೆ, ಭಂಡಾರದ ಗುಮಾಸ್ತನಿಗೆ ಶಾಲು ಹೊದಿಸುತ್ತಾರೆ. ಅಪ್ಪಿತಪ್ಪಿ ಬಿಕ್ಕಳಿಕೆ ಕೇಳಿಸಿದರೆ ಗುಮಾಸ್ತ ಅಲ್ಲೇ ಬೀಗದ ಕೈ ಒಪ್ಪಿಸಿ ಮನೆಗೆ ಹೋಗಬೇಕು. ನನ್ನ ಹಿಂದಿನವನು ಹಾಗೆಯೇ ಹೋದ. ಇಪ್ಪತ್ತೊಂದು ವರ್ಷದಿಂದ ಚೌಕದಲ್ಲಿ ಬಿಕ್ಕಳಿಕೆ ಕೇಳಿಸಿಲ್ಲ. ನಾನು ಗುಮಾಸ್ತನಾಗಿಯೂ ಇಪ್ಪತ್ತೊಂದು ವರ್ಷ.

ಇದರ ಗುಟ್ಟು ಬಸ್ಸು. ಆ ಉಪಾಯ ನನ್ನದೇ, ಹೇಳಿಕೊಳ್ಳಲು ಆಗ ಹೆಮ್ಮೆಯೂ ಇತ್ತು. ಭಂಡಾರದಲ್ಲಿ ಅಕ್ಕಿ ಮುಗಿದ ಮೇಲೆ ಬಂದವರಿಗೆ ನಾನು ಗುಲಾಬಿ ಬಣ್ಣದ ಚೀಟಿ ಕೊಡುತ್ತಿದ್ದೆ. ಬಲಿಪಾಡ್ಯದ ದಿನ ನಾಲ್ಕು ಗಂಟೆಗೆ ಬುಡನ್ ಸಾಬರ ಬಸ್ಸು ಆ ಚೀಟಿಯವರನ್ನು ಹತ್ತಿಸಿಕೊಂಡು, ಗಡಿಕಲ್ಲು ದಾಟಿ, ಮೈಕು ಕೇಳಿಸದಷ್ಟು ಆಚೆಯ ಕೆರೆ ಏರಿಯ ಕೆಳಗೆ ನಿಲ್ಲುತ್ತದೆ. ಪಟಾಕಿ ಸದ್ದು ಕೇಳಿದ ಮೇಲೆ ವಾಪಸು ಬರುತ್ತದೆ. ಕಾಗದದ ಮೇಲೆ ಅದರ ಹೆಸರು ‘ಉಚಿತ ಕೆರೆ ದರ್ಶನ’. ಮೊದಲ ವರ್ಷ ಆರು ಜನ ಹೋಗಿದ್ದರು. ವರ್ಷ ವರ್ಷ ಕೆರೆ ನೋಡುವವರು ಹೆಚ್ಚಾದರು.

ಈ ಸಲದ ಹಬ್ಬಕ್ಕಂತೂ ಎಲ್ಲವೂ ಒಟ್ಟಿಗೆ ಕೈಕೊಟ್ಟವು. ಶಾಲೆಗೆ ರಜ ಎಂದು ಮಕ್ಕಳ ಬಿಸಿಯೂಟ ನಿಂತಿತು. ಇದ್ದ ಎರಡು ಹೋಟೆಲುಗಳೂ ಬಾಗಿಲು ಹಾಕಿದವು. ಮನೆಗೆಲಸಕ್ಕೆ ಬರುವವರಿಗೆ ‘ನೀವೂ ಹಬ್ಬ ಮಾಡ್ಕೊಳ್ಳಿ’ ಎಂದು ಒಂದು ವಾರ ಬಿಡುವು ಕೊಟ್ಟರು; ಯಾವುದರಲ್ಲಿ ಮಾಡಿಕೊಳ್ಳುವುದು ಎಂದು ಯಾರೂ ಹೇಳಲಿಲ್ಲ. ಇತ್ತ ಹಿಡಿಯಕ್ಕಿ ಗಡಿಗೆಗಳು ಬರಿದಾಗಿ ಬಂದವು. ಊರಿನ ಅಕ್ಕಿಯೆಲ್ಲ ಚಕ್ಕುಲಿ ಕೋಡುಬಳೆಗೆಂದು ಗಿರಣಿಯ ಮುಂದೆ ಸಾಲು ನಿಂತಿತ್ತು. ಖಾಲಿ ಗಡಿಗೆ ಕಳಿಸಲು ನಾಚಿದವರು ಮನೆಯಲ್ಲಿ ಯಾರಿಗೂ ಬೇಡವಾದದ್ದನ್ನು ಹಾಕಿ ಕಳಿಸಿದರು. ಹೋದ ವರ್ಷದ ಬಾಳಕದ ಮೆಣಸಿನಕಾಯಿ ಬಂತು, ಯಾರೋ ಉಡುಗೊರೆ ಕೊಟ್ಟ ಗುಲಾಬಿ ಶರಬತ್ತಿನ ಬಾಟಲಿಗಳು ಬಂದವು, ಬಾಗಿಲಿಗೆ ಗೂಟವಾಗಬಹುದಾದ ಮೈಸೂರು ಪಾಕು ಬಂತು. ಹಾಗಲಕಾಯಿ ಉಪ್ಪಿನಕಾಯಿಯಂತೂ ಒಂಬತ್ತು ಮನೆಯಿಂದ ಬಂತು. ಚತುರ್ದಶಿಯ ಹೊತ್ತಿಗೆ ಅಕ್ಕಿ ಮುಗಿಯಿತು. ಅಮಾವಾಸ್ಯೆಯ ದಿನವೆಲ್ಲ ನಾನು ಚೀಟಿ ಹರಿದೆ. ಬಸ್ಸಿನಲ್ಲಿ ಐವತ್ತು ಸೀಟು. ಪಾಡ್ಯದ ಬೆಳಿಗ್ಗೆ ನನ್ನ ಕೈಯಲ್ಲಿ ಒಂದೇ ಒಂದು ಚೀಟಿ ಉಳಿದಿತ್ತು.

ಆಗ ಪುಟ್ನಂಜಮ್ಮ ಬಂದರು. ನಮ್ಮ ಹಿಂದಿನ ಬೀದಿಯವರು, ಎಪ್ಪತ್ತು ದಾಟಿದವರು. ಮುತ್ತುಗದ ಎಲೆ ಹಚ್ಚಿ ಊಟದೆಲೆ ಮಾರುವುದು ಅವರ ಕಸುಬು. ಊರಿನ ಮದುವೆ ಮುಂಜಿಗಳೆಲ್ಲ ಅವರ ಎಲೆಯ ಮೇಲೇ ಆಗಿವೆ. ಈ ವರ್ಷ ಎಲ್ಲರೂ ಪೇಪರ್ ತಟ್ಟೆ ತರಿಸಿದ್ದರಿಂದ ಅವರ ಎಲೆ ಕಟ್ಟುಗಳು ಮನೆಯಲ್ಲೇ ಒಣಗುತ್ತಿದ್ದವು. ಭಂಡಾರದ ಮೆಟ್ಟಿಲನ್ನು ಅವರು ಹತ್ತಿದ್ದು ಅದೇ ಮೊದಲು.

“ಅಕ್ಕಿ ಐತೇನಪ್ಪ ಬೋರಲಿಂಗು?”

“ಇಲ್ಲ ನಂಜಕ್ಕ. ಹಬ್ಬ ನೋಡಿ. ಇದನ್ನ ತಗೊಳ್ಳಿ,” ಎಂದು ಚೀಟಿ ಕೊಟ್ಟೆ.

ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. “ಏನಿದು?”

“ಬಸ್ ಚೀಟಿ. ನಾಲ್ಕು ಗಂಟೆಗೆ ಹೊರಡುತ್ತೆ. ಕೆರೆ ತೋರಿಸ್ಕೊಂಡು ಬರ್ತಾರೆ. ಗಾಳಿ ಚೆನ್ನಾಗಿರುತ್ತೆ.”

“ಗಾಳಿ ಉಂಡ್ಕೊಂಡು ಬರ್ಲಾ?”

“ಹಂಗಲ್ಲ ಅಕ್ಕ...”

“ಎಲೆ ತರಕ್ಕೆ ನಲವತ್ತು ವರ್ಸ ಆ ಕೆರೆ ಏರಿ ಮೇಲೇ ತಿರುಗಿದೀನಿ ಕಣಪ್ಪ. ಅದಕ್ಕೂ ನನ್ನ ಮಕ ನೋಡಿ ಸಾಕಾಗಿರ್ತದೆ,” ಎಂದು ಚೀಟಿಯನ್ನು ತಕ್ಕಡಿಯ ಬಟ್ಟಿನ ಕೆಳಗೆ ಸಿಕ್ಕಿಸಿ ಇಳಿದು ಹೋದರು.

ಅವರು ಹೋದ ಮೇಲೆ ನಾನು ಸಂಜೆಯ ಲೆಕ್ಕ ಹಾಕಿದೆ. ಪುಟ್ನಂಜಮ್ಮ ಪ್ರತಿ ವರ್ಷ ಚೌಕದಲ್ಲಿ ಮುಂದಿನ ಸಾಲಿನಲ್ಲೇ ಕೂರುವವರು. ಮನೆಯಲ್ಲೇ ಕೂತರೂ ಮೈಕು ಅಲ್ಲಿಗೆ ಕೇಳಿಸುತ್ತದೆ. ಕೇಳಿಸಿದ ಮೇಲೆ ‘ಆಯ್ತು’ ಎನ್ನದೇ ಇರಲು ನಮ್ಮೂರಿನ ಯಾವ ನಾಲಿಗೆಗೂ ಆಗದು. ಉಂಡಿರಲಿ ಬಿಡಲಿ, ಕೇಳಿದ ಕೂಡಲೇ ಅದು ತಾನಾಗಿ ಬರುವ ಮಾತು. ಸಂಜೆ ಆರು ಗಂಟೆಗೆ ಆ ಮುದುಕಿ ಬಿಕ್ಕಿದರೆ ಆರೂಕಾಲಿಗೆ ನಾನು ಬೀಗದ ಕೈ ಒಪ್ಪಿಸಿರುತ್ತೇನೆ.

ಮಧ್ಯಾಹ್ನ ಮನೆಗೆ ಹೋದಾಗ ನನ್ನ ಹೆಂಡತಿ ಸರ್ವಮಂಗಳ ಒಬ್ಬಟ್ಟು ಬೇಯಿಸುತ್ತಿದ್ದಳು. ನನ್ನ ಮುಖ ನೋಡಿ ವಿಷಯ ಕೇಳಿದಳು. ಹೇಳಿದೆ.

“ಅದಕ್ಕೇನು, ಮನೆಗೆ ಕರ್ಕೊಂಡು ಬರೋದಲ್ವಾ?” ಎಂದಳು, ಮಗುಚುವ ಕೈ ನಿಲ್ಲಿಸದೆ.

“ಯಾರನ್ನ?”

“ನಂಜಕ್ಕನ್ನ. ಊಟಕ್ಕೆ.”

ಇಪ್ಪತ್ತೊಂದು ವರ್ಷ ಊರಿನ ಅಕ್ಕಿ ಅಳೆದವನಿಗೆ ತನ್ನ ಮನೆಯಲ್ಲೂ ಒಂದು ಒಲೆ ಇದೆ ಎಂಬುದು ಹೊಳೆದಿರಲಿಲ್ಲ ಎಂದರೆ ನೀವು ನಗಬಹುದು. ಸರ್ವಮಂಗಳ ನಗಲಿಲ್ಲ. “ಬಿಸಿ ಇರೋವಾಗ್ಲೇ ಕರ್ಕೊಂಡು ಬನ್ನಿ,” ಎಂದಳು. ನಾನು ಉಣ್ಣದೆ ಹಾಗೇ ಹೊರಟೆ.

ಪುಟ್ನಂಜಮ್ಮ ಹೊಸಿಲ ಮೇಲೆ ಕೂತು ಎಲೆಗೆ ಕಡ್ಡಿ ಚುಚ್ಚುತ್ತಿದ್ದರು. ಕೊಳ್ಳುವವರಿಲ್ಲದಿದ್ದರೂ ಕೈ ಸುಮ್ಮನಿರುವುದಿಲ್ಲವಲ್ಲ.

“ನಂಜಕ್ಕ, ಏಳಿ, ನಮ್ಮನೇಲಿ ಊಟ. ಸರ್ವಮಂಗಳ ಕಾಯ್ತಿದಾಳೆ.”

“ಯಾಕೆ?”

“ಯಾಕೆ ಅಂದ್ರೆ... ಹಬ್ಬ.”

“ಹಬ್ಬ ಮೊನ್ನೆಯಿಂದ್ಲೂ ಐತಲ್ಲ.” ಅವರು ಕಡ್ಡಿಯನ್ನು ಹಲ್ಲಿನಲ್ಲಿ ಕಚ್ಚಿ ಮುರಿದರು. “ಬೆಳಿಗ್ಗೆ ಚೀಟಿ ಕೊಡೋ ಬದ್ಲು ಈ ಮಾತು ಅಂದಿದ್ರೆ ನಿನ್ನ ಹಿಂದೇನೇ ಬಂದ್ಬುಡ್ತಿದ್ದೆ. ಈಗ ಕರೀತಿರೋದು ನನ್ನ ಹೊಟ್ಟೆ ತುಂಬ್ಸಕ್ಕಲ್ಲ, ಬಾಯಿ ಮುಚ್ಸಕ್ಕೆ.”

ಮಾತು ನಿಜವಾಗಿತ್ತು. ಈ ಸಲ ಕಾರ್ಯಕ್ರಮ ಏಳು ಗಂಟೆಗೆ, ನಿಧಾನವಾಗಿ ಬಂದರೂ ನಡೆಯುತ್ತದೆ ಎಂದು ಒಂದು ಸುಳ್ಳು ಬಿಟ್ಟು ನೋಡಿದೆ. ಚೌಕದಲ್ಲಿ ಪಟಾಕಿಯ ಹೊಗೆ ವಯಸ್ಸಾದವರಿಗೆ ಒಳ್ಳೆಯದಲ್ಲ ಎಂದೆ. ಕಿವಿಗೆ ಹತ್ತಿ ಇಟ್ಟುಕೊಂಡರೆ ಸದ್ದಿನ ಕಾಟ ಇರುವುದಿಲ್ಲ ಎಂದು ಜೇಬಿನಿಂದ ಹತ್ತಿಯನ್ನೂ ತೆಗೆದೆ. ಅವರು ಅದನ್ನು ಇಸಿದುಕೊಂಡು, “ದೀಪಕ್ಕೆ ಬತ್ತಿ ಇರ್ಲಿಲ್ಲ, ಒಳ್ಳೇದಾಯ್ತು,” ಎಂದರು. ಹೊರಡುವಾಗ, “ಸರ್ವಮಂಗಳಂಗೆ ಹೇಳು, ಅವಳ ಮೇಲೆ ನಂಗೆ ಬೇಜಾರಿಲ್ಲ,” ಎಂದೂ ಸೇರಿಸಿದರು.

ಅಲ್ಲಿಂದ ನಾನು ಓಡಿದ್ದು ಅಧ್ಯಕ್ಷ ಚಿಕ್ಕೀರಪ್ಪನವರ ಮನೆಗೆ. ಊಟ ಮುಗಿಸಿ ಎಲೆಯಡಿಕೆ ಹಾಕಿಕೊಂಡು ಸಂಜೆಯ ಭಾಷಣ ಓದಿಕೊಳ್ಳುತ್ತಿದ್ದರು.

“ಸಾರ್, ಈ ಸಲ ಸ್ವಲ್ಪ ಬದಲಾಯಿಸಿ ‘ಹಬ್ಬ ಚೆನ್ನಾಗಾಯ್ತಾ’ ಅಂತ ಕೇಳಿದ್ರೆ ಹೇಗೆ?”

“ಸಂಪ್ರದಾಯ ಬದಲಾಯಿಸಕ್ಕೆ ನಾನ್ಯಾರು ಬೋರಲಿಂಗಯ್ಯ? ಯಾಕೆ, ಬಸ್ ಹತ್ತಲ್ಲ ಅನ್ನೋರು ಯಾರಾದ್ರೂ ಇದಾರಾ?”

“ಇಲ್ಲ ಸಾರ್. ಎಲ್ಲಾ ಹತ್ತೋಕೆ ಒಪ್ಪಿದಾರೆ.”

ನಮ್ಮೂರಲ್ಲಿ ಬಿಕ್ಕಳಿಕೆ ಬರುವುದು ಊಟದ ಸುಳ್ಳಿಗೆ ಮಾತ್ರ. ಉಳಿದ ಸುಳ್ಳುಗಳಿಗೆ ಏನೂ ಆಗುವುದಿಲ್ಲ. ಆಗುವಂತಿದ್ದರೆ ಪುರಸಭೆ ಒಂದು ದಿನವೂ ನಡೆಯುತ್ತಿರಲಿಲ್ಲ.

ನಾಲ್ಕು ಗಂಟೆಗೆ ಬಸ್ಸು ಹೊರಟಿತು. ನಲವತ್ತೊಂಬತ್ತು ಜನ, ಒಂದು ಖಾಲಿ ಸೀಟು. ಐದೂವರೆಗೆ ಚೌಕ ತುಂಬಿತು. ಮುಂದಿನ ಸಾಲಿನಲ್ಲಿ, ಒಗೆದು ಮಡಿಸಿದ ಸೀರೆಯುಟ್ಟು, ಹಣೆಗೆ ವಿಭೂತಿ ಇಟ್ಟುಕೊಂಡು, ಪುಟ್ನಂಜಮ್ಮ ಕೂತಿದ್ದರು. ನಾನು ವೇದಿಕೆಯ ಪಕ್ಕದಲ್ಲಿ ನಿಂತು ಅವರ ಗಂಟಲನ್ನೇ ನೋಡುತ್ತಿದ್ದೆ. ಆರು ಗಂಟೆಗೆ ಚಿಕ್ಕೀರಪ್ಪನವರು ಎದ್ದರು, ಊರಿನ ಸಮೃದ್ಧಿಯ ಬಗ್ಗೆ ನಾಲ್ಕು ಮಾತಾಡಿದರು, ಆಮೇಲೆ ಮೈಕನ್ನು ಹತ್ತಿರಕ್ಕೆಳೆದುಕೊಂಡು ಕೇಳಿದರು.

“ಊರಿನವರೇ, ಊಟ ಆಯ್ತಾ?”

“ಆಯ್ತು,” ಎಂದಿತು ಚೌಕ.

ನಾನೂ ಉಂಡಿರಲಿಲ್ಲವಲ್ಲ, ಮಾತು ಹೊರಗೆ ಬೀಳದಂತೆ ತುಟಿ ಕಚ್ಚಿಕೊಂಡು ನಿಂತಿದ್ದೆ. ಆಮೇಲಿನ ನಿಶ್ಶಬ್ದದಲ್ಲಿ ಮೈಕಿನ ಗೊರಗೊರ ಬಿಟ್ಟರೆ ಏನೂ ಇಲ್ಲ. ಬಿಕ್ಕಳಿಕೆ ಬರಲಿಲ್ಲ. ಚಿಕ್ಕೀರಪ್ಪನವರು ಮುಗುಳ್ನಗುತ್ತಾ ಕೈ ಎತ್ತಲು ಹೊರಟರು.

“ಇಲ್ಲ ಕಣಪ್ಪ,” ಎಂದರು ಪುಟ್ನಂಜಮ್ಮ.

ಜೋರಾಗಿ ಹೇಳಲಿಲ್ಲ. ಅಂಗಡಿಯಲ್ಲಿ ಇಲ್ಲದ ಸಾಮಾನು ಕೇಳಿದವರಿಗೆ ಹೇಳುವ ಹಾಗೆ ಹೇಳಿದರು. ಆದರೂ ಇಡೀ ಚೌಕಕ್ಕೆ ಕೇಳಿಸಿತು. ನಾನು ಹುಟ್ಟಿದಾಗಿನಿಂದ ಆ ಪ್ರಶ್ನೆಗೆ ಆ ಉತ್ತರವನ್ನು ಯಾರ ಬಾಯಲ್ಲೂ ಕೇಳಿರಲಿಲ್ಲ. ಹೇಳಬಾರದು ಎಂದು ಯಾರೂ ನಿಯಮ ಮಾಡಿರಲಿಲ್ಲ, ಹೇಳಬಹುದು ಎಂದು ಯಾರಿಗೂ ಹೊಳೆದಿರಲಿಲ್ಲ, ಅಷ್ಟೆ. ಬಿಕ್ಕಳಿಕೆ ಬಂದರೆ ಏನು ಮಾಡಬೇಕು ಎಂಬುದು ನಮಗೆಲ್ಲ ಗೊತ್ತು. ಇದಕ್ಕೆ ಏನು ಮಾಡಬೇಕು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಪಟಾಕಿ ಹಚ್ಚಲು ನಿಂತವನು ಕೈಯಲ್ಲಿ ಉರಿಯುವ ಕಡ್ಡಿ ಹಿಡಿದು ಬೆರಳು ಸುಟ್ಟುಕೊಂಡ.

“ಏನಂದ್ರಿ?” ಎಂದರು ಚಿಕ್ಕೀರಪ್ಪನವರು ಮೈಕಿನಲ್ಲೇ.

“ನೀನು ಊಟ ಆಯ್ತಾ ಅಂದೆ. ನಾನು ಇಲ್ಲ ಅಂದೆ. ನಿನ್ನೆಯಿಂದ ಆಗಿಲ್ಲ.” ಪುಟ್ನಂಜಮ್ಮ ಎದ್ದು ಸೀರೆ ಸರಿಮಾಡಿಕೊಂಡರು. “ಕೇಳ್ದೋನು ನೀನು. ನಿಮ್ಮನೇಲಿ ಏನು ಮಾಡವ್ರೆ ಇವತ್ತು?”

ಚಿಕ್ಕೀರಪ್ಪನವರು ಕೈಯಲ್ಲಿದ್ದ ಭಾಷಣವನ್ನು ಮಗುಚಿ ನೋಡಿದರು. ಹಿಂಬದಿಯಲ್ಲಿ ಏನೂ ಬರೆದಿರಲಿಲ್ಲ. ಕೊನೆಗೆ ಮೈಕು ಹಿಡಿದಿರುವುದನ್ನೇ ಮರೆತು, ಪಕ್ಕದಲ್ಲಿ ಕೂತಿದ್ದ ಹೆಂಡತಿಯ ಕಡೆ ಬಗ್ಗಿ, “ಲೇ, ಮನೇಲಿ ಏನೈತೆ?” ಎಂದು ಪಿಸುಗುಟ್ಟಿದ್ದು ನಾಲ್ಕೂ ಬೀದಿಗೆ ಕೇಳಿಸಿತು.

“ಅನ್ನ ಇದೆ, ಸಾರಿದೆ, ಪಲ್ಯ ಇದೆ. ಕೋಸಂಬರಿ ಒಂದು ಮುಗಿದಿದೆ,” ಎಂದ ಆಕೆಯ ದನಿಯೂ ಕೇಳಿಸಿತು. “ಅವರನ್ನ ನಿಲ್ಲಿಸ್ಕೊಂಡು ಏನ್ ಕೇಳ್ತಿದೀರಿ, ಮೊದ್ಲು ಕರೀರಿ.”

ಜನರ ನಡುವಿನಿಂದ ಸರ್ವಮಂಗಳ, “ಒಬ್ಬಟ್ಟು ನಮ್ಮನೇದು,” ಎಂದು ಕೂಗಿದಳು. ಆಮೇಲೆ ಕೋಸಂಬರಿ ತಮ್ಮನೆಯಲ್ಲಿದೆ ಎಂದು ಒಬ್ಬರು, ತುಪ್ಪ ತಮ್ಮದು ಎಂದು ಇನ್ನೊಬ್ಬರು. ಚಕ್ಕುಲಿ ಎಂದವರಂತೂ ಲೆಕ್ಕವಿಲ್ಲ. ವೇದಿಕೆಯ ಮುಂದಿನ ಚಾಪೆಯನ್ನೇ ಪಂಕ್ತಿ ಮಾಡಿದರು. ಯಾರೋ ಓಡಿ ಪುಟ್ನಂಜಮ್ಮನವರ ಮನೆಯಿಂದಲೇ ಎಲೆ ಕಟ್ಟು ತಂದರು. ಅವರ ಮುಂದಿನ ಎಲೆಗೆ ಅನ್ನ ಬಿತ್ತು, ಅದರ ಮೇಲೆ ಸಾರು ಬಿತ್ತು. ಬೀಗದ ಕೈ ಉಳಿಯಿತು ಎಂದು ನನಗೆ ಸಮಾಧಾನವೂ ಆಯಿತು, ಸುಳ್ಳು ಯಾಕೆ ಹೇಳಲಿ.

ಮೊದಲ ತುತ್ತು ಕಲಸಿದ ಕೈಯನ್ನು ಅವರು ಹಾಗೇ ನಿಲ್ಲಿಸಿದರು. “ಬೋರಲಿಂಗು, ಬಸ್ಸು?”

ನನಗೆ ಆಗ ನೆನಪಾಯಿತು. ಬಸ್ಸು ಕೆರೆಯ ಹತ್ತಿರ ಪಟಾಕಿ ಸದ್ದಿಗೆ ಕಾಯುತ್ತಾ ನಿಂತಿತ್ತು. “ಈಗ್ಲೇ ಸರ ಹಚ್ಚಿಸ್ತೀನಿ ಅಕ್ಕ, ಕೇಳಿಸ್ಕೊಂಡು ಬರ್ತಾರೆ,” ಎಂದೆ.

“ಪಟಾಕಿ ಹೊಡ್ದು ಓಡಿಸ್ತಾರೆ ಕಣೋ, ಕರೆಯಲ್ಲ. ಚೀಟಿ ಕೊಟ್ಟು ಕಳ್ಸಿದೋನು ನೀನು. ನೀನೇ ಹೋಗಿ ಕರ್ಕೊಂಡು ಬಾ,” ಎಂದು ತುತ್ತು ಬಾಯಿಗಿಟ್ಟರು.

ಸೈಕಲ್ ತುಳಿದು ಗಡಿಕಲ್ಲು ದಾಟುವ ಹೊತ್ತಿಗೆ ನನಗೆ ಏದುಸಿರು. ಇಪ್ಪತ್ತೊಂದು ವರ್ಷ ಬಸ್ಸು ಕಳಿಸಿದವನು ಅದು ನಿಲ್ಲುವ ಜಾಗವನ್ನು ಒಮ್ಮೆಯೂ ನೋಡಿರಲಿಲ್ಲ. ಏರಿಯ ಕೆಳಗೆ ನಿಂತರೆ ಅಲ್ಲಿಂದ ಕೆರೆ ಕಾಣುವುದೇ ಇಲ್ಲ, ಮಣ್ಣಿನ ದಿಬ್ಬ ಮಾತ್ರ ಕಾಣುತ್ತದೆ. ಬಸ್ಸಿನೊಳಗೆ ಎಲ್ಲರೂ ಇದ್ದುದರಲ್ಲಿ ಒಳ್ಳೆಯ ಬಟ್ಟೆ ಹಾಕಿಕೊಂಡು ಕೂತಿದ್ದರು. ಹೆಂಗಸರು ಹೂ ಮುಡಿದಿದ್ದರು. ಮಕ್ಕಳ ತಲೆ ಬಾಚಿ ಎಣ್ಣೆ ಹಚ್ಚಿತ್ತು. ಗುಲಾಬಿ ಚೀಟಿಯನ್ನು ಇನ್ನೂ ಕೈಯಲ್ಲೇ ಹಿಡಿದುಕೊಂಡವರಿದ್ದರು, ಇಳಿಯುವಾಗ ಯಾರಾದರೂ ಕೇಳಬಹುದೇನೋ ಎಂದು.

ಮೆಟ್ಟಿಲ ಮೇಲೆ ನಿಂತೆ. ‘ಬನ್ನಿ, ಊಟಕ್ಕೆ ಕರೀತಿದಾರೆ’ ಎನ್ನಬೇಕೆಂದಿದ್ದೆ. ಅವರ ಮುಖಗಳನ್ನು ನೋಡಿದ ಮೇಲೆ ಬಾಯಿಂದ ಬಂದದ್ದು ಬೇರೆ.

“ಊಟ ಆಯ್ತಾ?”

“ಆಯ್ತು ಸ್ವಾಮಿ, ಆಯ್ತು,” ಎಂದರು. ನಲವತ್ತೊಂಬತ್ತು ಜನವೂ ಅಂದರು, ಸ್ಟೀರಿಂಗ್ ಹಿಡಿದಿದ್ದ ಬುಡನ್ ಸಾಬರೂ ಅಂದರು. ಬಿಕ್ಕಳಿಕೆಯೇ ಇಲ್ಲದೆ, ಎಷ್ಟು ಸಲೀಸಾಗಿ ಅಂದರು. ಮುಂದಿನ ಸೀಟಿನ ಹೆಂಗಸು ಮರ್ಯಾದೆಗೆ, “ನಿಮ್ದು?” ಎಂದು ತಿರುಗಿ ಕೇಳಿದಳು.

“ನಂದೂ ಆಯ್ತು,” ಎಂದುಬಿಟ್ಟೆ.

ನನ್ನ ಇಪ್ಪತ್ತೊಂದು ವರ್ಷದ ನಿಶ್ಶಬ್ದ ಯಾವುದರಿಂದ ಮಾಡಿದ್ದು ಎಂದು ಆಗ ಗೊತ್ತಾಯಿತು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. “ಸಾಬರೇ, ಬಸ್ ತಿರುಗಿಸಿ,” ಎಂದೆ.

“ಪಟಾಕಿ ಕೇಳಿಸ್ಲಿಲ್ವಲ್ಲ ಬೋರಲಿಂಗಯ್ಯನೋರೇ?”

“ಈ ವರ್ಷ ಇಲ್ಲ. ತಿರುಗಿಸಿ.”

ಸೈಕಲ್ಲನ್ನು ಏರಿಯ ಬುಡದಲ್ಲೇ ಬಿಟ್ಟು, ಬಾಗಿಲ ಕಂಬಿ ಹಿಡಿದು ನಿಂತೆ. ಬಸ್ಸು ಗಡಿಕಲ್ಲು ದಾಟಿತು. ಮೊದಲ ಬಿಕ್ಕಳಿಕೆ ಬುಡನ್ ಸಾಬರಿಗೆ ಬಂತು. ಬಸ್ಸು ಒಂದು ಸಲ ಎಡಕ್ಕೆ ವಾಲಿ ಸರಿಯಾಯಿತು. ಇಷ್ಟು ವರ್ಷ ಅವರನ್ನು ಯಾವ ಪಟ್ಟಿಗೂ ಯಾರೂ ಸೇರಿಸಿರಲಿಲ್ಲ. ಎರಡನೆಯದು ನನಗೆ ಬಂತು, ಕಂಬಿಗೆ ಹಣೆ ಬಡಿಯುವ ಹಾಗೆ. ಆಮೇಲೆ ಮುಂದಿನ ಸೀಟಿಗೆ, ಅದರ ಹಿಂದಿನ ಸೀಟಿಗೆ, ಕಲ್ಲು ಪಕ್ಕದಲ್ಲಿ ಹಾದು ಹೋದ ಹಾಗೆಲ್ಲ ಸಾಲು ಸಾಲಾಗಿ ಹಿಂದಕ್ಕೆ ಹಬ್ಬಿ, ಕೊನೆಯ ಉದ್ದ ಸೀಟಿನಲ್ಲಿದ್ದ ಮಕ್ಕಳವರೆಗೂ ಹೋಯಿತು. ಅವಕ್ಕೆ ಅದೊಂದು ಆಟವಾಗಿ, ಬಿಕ್ಕಿದಾಗಲೆಲ್ಲ ಕಿಸಕಿಸ ನಕ್ಕವು. ಹೆಂಗಸರು ಅಭ್ಯಾಸಬಲದಿಂದ ಸೆರಗನ್ನು ಬಾಯಿಗೆ ಒಯ್ದರು.

“ಬೇಡ, ಬಿಡಿ,” ಎಂದೆ ಬಿಕ್ಕುತ್ತಾ. “ಕೇಳಿಸ್ಲಿ.”

ಒಬ್ಬೊಬ್ಬರಾಗಿ ಸೆರಗು ಇಳಿಸಿದರು. ಪೇಟೆ ಬೀದಿಯ ಉದ್ದಕ್ಕೂ, ದೀಪ ಹಚ್ಚಿದ ಬಾಗಿಲುಗಳ ಮುಂದೆ, ಬಸ್ಸು ಬಿಕ್ಕುತ್ತಾ ಬಂತು. ಚೌಕದಲ್ಲಿ ಉಣ್ಣುತ್ತಿದ್ದ ಪುಟ್ನಂಜಮ್ಮ ಎಡಗೈಯಿಂದ ತಮ್ಮ ಎಲೆಯನ್ನು ಪಕ್ಕಕ್ಕೆ ಎಳೆದುಕೊಂಡು ಜಾಗ ಮಾಡಿದರು.